ಪ್ಲಗಿನ್ ಹಾಕಿದ್ದಾಯಿತು, ಮಂದಿ ಎಲ್ಲಿ?

ಈ ತಿಂಗಳು ಬಂದ ಪತ್ರ, ಮೇಲ್, ವಾಟ್ಸಾಪ್ ಎಲ್ಲ ಕೂಡಿಸಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಮಂದಿ ಕೇಳಿದ್ದು ಒಂದೇ ಮಾತು: ನಮ್ಮ ವೆಬ್‌ಸೈಟಿಗೂ ಫೇಸ್‌ಬುಕ್ ತರಹ ಏನಾದರೂ ಸೇರಿಸಬೇಕಲ್ಲ, ಹೇಗೆ? ಹಾಗಾಗಿ ಪ್ರಿಂಟರ್, ಪಾನ್ ಕಾರ್ಡ್, ನುಡಿ ಫಾಂಟಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಇದೊಂದನ್ನೇ ಹಿಡಿದಿದ್ದೇನೆ. ಹೊಸಬರಿಗೆ ಒಂದು ಮಾತು: ವರ್ಡ್‌ಪ್ರೆಸ್ ಅಂದರೆ ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್, ಪ್ಲಗಿನ್ ಅಂದರೆ ಅದಕ್ಕೆ ಹೊಸ ಸೌಕರ್ಯ ಜೋಡಿಸುವ ತುಂಡು. ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ. ಉದ್ದದ ಪತ್ರಗಳನ್ನು ಕತ್ತರಿಸಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ನಾನು ನಿವೃತ್ತ ಮಾಸ್ತರ. ನಮ್ಮ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳ ಸಂಘಕ್ಕೆ ಒಂದು ವರ್ಡ್‌ಪ್ರೆಸ್ ಸೈಟ್ ಇದೆ. ವಾಟ್ಸಾಪ್ ಗ್ರೂಪು 1024ಕ್ಕೆ ತುಂಬಿ ನಿಂತಿದೆ, ಅದರಲ್ಲೂ ದಿನಾ ಶುಭೋದಯದ ಹೂವೇ. ಹುಡುಗರು ಹೈದರಾಬಾದ್, ಪುಣೆ, ಬೆಂಗಳೂರು, ದುಬೈ ಅಂತ ಚೆಲ್ಲಿಹೋಗಿದ್ದಾರೆ. ಸೈಟಿನಲ್ಲೇ ಎಲ್ಲರಿಗೂ ಪ್ರೊಫೈಲ್, ಗೆಳೆಯರು, ಗ್ರೂಪು, ಮೆಸೇಜು ಇರುವ ಹಾಗೆ ಮಾಡಲು ಬರುತ್ತದೆಯೇ? ಒಬ್ಬ ಹುಡುಗ 40 ಸಾವಿರ ಕೇಳಿದ. ಇನ್ನೊಬ್ಬ ಫ್ರೀ ಪ್ಲಗಿನ್ ಇದೆ, ಹತ್ತು ನಿಮಿಷದ ಕೆಲಸ ಅಂದ. ಯಾರನ್ನು ನಂಬಲಿ? (ಸೇಡಂ)

ಉತ್ತರ: ಗುರುಗಳೇ, ಇಬ್ಬರೂ ನಿಜ ಹೇಳಿದ್ದಾರೆ. ಹತ್ತು ನಿಮಿಷದವನು ಪ್ಲಗಿನ್ ಹಾಕುವ ಹೊತ್ತು ಲೆಕ್ಕ ಹಾಕಿದ. 40 ಸಾವಿರದವನು ಆಮೇಲೆ ನೀವು ಅವನಿಗೆ ಎಷ್ಟು ಸಲ ಫೋನ್ ಮಾಡುತ್ತೀರಿ ಅನ್ನುವುದನ್ನೂ ಲೆಕ್ಕ ಹಾಕಿದ.

ನಿಮಗೆ ಬೇಕಾದ ಪ್ಲಗಿನ್ನಿನ ಹೆಸರು ಬಡ್ಡಿಪ್ರೆಸ್. ಹೆಸರು ಕೇಳಿ ಬಡ್ಡಿ ವ್ಯವಹಾರ ಅಂದುಕೊಳ್ಳಬೇಡಿ, ಇಂಗ್ಲಿಷಿನಲ್ಲಿ ಬಡ್ಡಿ ಅಂದರೆ ದೋಸ್ತ. ವರ್ಡ್‌ಪ್ರೆಸ್ 2003ರಲ್ಲಿ ಬಂತು, ಮರುವರ್ಷವೇ ಅದಕ್ಕೆ ಪ್ಲಗಿನ್ ಜೋಡಿಸುವ ಸೌಕರ್ಯ ಬಂತು, ಬಡ್ಡಿಪ್ರೆಸ್‌ನ 1.0 ಆವೃತ್ತಿ ಬಂದದ್ದು 2009ರಲ್ಲಿ. ನಿನ್ನೆ ಮೊನ್ನೆಯ ಮಾಲಲ್ಲ. ಪೂರ್ತಿ ಉಚಿತ. ಸೈಟಿನ ಒಳಗೆ ಹೋಗಿ ಪ್ಲಗಿನ್ಸ್, ಆಡ್ ನ್ಯೂ, ಹೆಸರು ಹುಡುಕಿ, ಇನ್‌ಸ್ಟಾಲ್, ಆಕ್ಟಿವೇಟ್. ಸದಸ್ಯರ ಪುಟ, ಚಟುವಟಿಕೆಯ ಪುಟ ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಹುಡುಗ ಹೇಳಿದ ಹತ್ತು ನಿಮಿಷ ಇಲ್ಲಿಗೆ ಮುಗಿಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪುಟಗಳ ವಿಳಾಸ ಹೇಗಿರಬೇಕು ಅಂತ ಹೇಳುವ ಪರ್ಮಾಲಿಂಕ್ ಅಂತ ಒಂದು ಸೆಟ್ಟಿಂಗ್ ಇದೆ, ಅದು ಪ್ಲೇನ್ ಅಂತ ಇದ್ದರೆ ಬದಲಾಯಿಸಿ. ಇದೊಂದು ಬಿಟ್ಟುಹೋಗಿ ಸದಸ್ಯರ ಪುಟ ತೆರೆಯುವುದೇ ಇಲ್ಲ ಅಂತ ತಲೆ ಚಚ್ಚಿಕೊಂಡವರನ್ನು ನೋಡಿದ್ದೇನೆ.

ಈಗ ಏನನ್ನು ಚಾಲೂ ಮಾಡಬೇಕು, ಏನನ್ನು ಬಿಡಬೇಕು ಅನ್ನುವುದು. ಸೆಟ್ಟಿಂಗ್ಸ್‌ನಲ್ಲಿ ಬಡ್ಡಿಪ್ರೆಸ್ ಅಂತ ಇರುತ್ತದೆ, ಅದರಲ್ಲಿ ಕಾಂಪೊನೆಂಟ್ಸ್. ಪ್ರೊಫೈಲು, ಚಟುವಟಿಕೆ, ಗೆಳೆತನ, ಖಾಸಗಿ ಮೆಸೇಜು, ಗ್ರೂಪು, ನೋಟಿಫಿಕೇಷನ್ ಎಲ್ಲ ಬೇರೆ ಬೇರೆ. ಸಿಕ್ಕಿದ್ದನ್ನೆಲ್ಲ ಟಿಕ್ ಮಾಡುವ ಆಸೆ ಆಗುತ್ತದೆ, ಮಾಡಬೇಡಿ. ನನ್ನ ಮಾತು ಕೇಳಿ, ಮೊದಲು ಪ್ರೊಫೈಲ್, ಗ್ರೂಪು, ಚಟುವಟಿಕೆ ಮೂರೇ ಸಾಕು (ಚಟುವಟಿಕೆ ಇಲ್ಲದಿದ್ದರೆ ಗ್ರೂಪಿನಲ್ಲಿ ಬರೆಯಲು ಬರುವುದಿಲ್ಲ), ಅವು ತಿಳಿಸಬೇಕಾದಾಗ ತಿಳಿಸಲಿ ಅಂತ ನೋಟಿಫಿಕೇಷನ್ ಇರಲಿ.

ಪ್ರೊಫೈಲಿನಲ್ಲಿ ನಿಮಗೆ ಬೇಕಾದ ಕಾಲಂ ನೀವೇ ಸೇರಿಸಬಹುದು. ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ, ಈಗಿರುವ ಊರು, ಉದ್ಯೋಗ. ವರ್ಷವನ್ನು ಬರೆಯಲು ಬಿಡಬೇಡಿ, ಪಟ್ಟಿಯಿಂದ ಆರಿಸುವ ಹಾಗೆ ಇಡಿ. ಬಿಟ್ಟರೆ ಒಬ್ಬ 1987 ಅಂತಾನೆ, ಒಬ್ಬ 86-87 ಅಂತಾನೆ, ಮತ್ತೊಬ್ಬ ಪಾಟೀಲ ಸರ್ ಇದ್ದಾಗ ಅಂತ ಬರೆಯುತ್ತಾನೆ. ಪ್ರತಿ ಕಾಲಂ ಯಾರಿಗೆ ಕಾಣಬೇಕು ಅಂತಲೂ ಹೇಳಬಹುದು: ಎಲ್ಲರಿಗೆ, ಸದಸ್ಯರಿಗೆ ಮಾತ್ರ, ತನಗೆ ಮಾತ್ರ. ಫೋನ್ ನಂಬರಿನ ಕಾಲಂ ಇಡಲೇಬೇಕು ಅಂತಿದ್ದರೆ ತನಗೆ ಮಾತ್ರ ಅಂತ ಮಾಡಿ, ಅದನ್ನು ಸದಸ್ಯರು ಬದಲಿಸದ ಹಾಗೆ ಬೀಗ ಹಾಕಿ. ನಿಮ್ಮ ಹಳೆ ವಿದ್ಯಾರ್ಥಿನಿಯರು ನಿಮ್ಮನ್ನು ನಂಬಿ ನಂಬರ್ ಕೊಟ್ಟಿರುತ್ತಾರೆ. ಅದು ಯಾರಿಗೋ ಸಿಕ್ಕು ರಾತ್ರಿ ಹನ್ನೊಂದಕ್ಕೆ ಹಾಯ್ ಅಂತ ಮೆಸೇಜು ಬಂದರೆ ಆ ಹೆಣ್ಣುಮಗಳು ಮತ್ತೆ ನಿಮ್ಮ ಸೈಟಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ಗ್ರೂಪು ಮೂರು ತರಹ. ಸಾರ್ವಜನಿಕ, ಖಾಸಗಿ, ಗುಪ್ತ. ಬ್ಯಾಚಿಗೊಂದು ಖಾಸಗಿ ಗ್ರೂಪು ಮಾಡಿ, ಆಯಾ ಬ್ಯಾಚಿನ ಒಬ್ಬರಿಗೆ ಅದರ ಜವಾಬ್ದಾರಿ ಕೊಡಿ. ಎಲ್ಲ ನಾನೇ ನೋಡಿಕೊಳ್ಳುತ್ತೇನೆ ಅಂತ ನೀವು ಹೊರಟರೆ ಮೂರೇ ವಾರದಲ್ಲಿ ಸಾಕಾಗುತ್ತದೆ.

ಖಾಸಗಿ ಮೆಸೇಜು ಯಾಕೆ ಬೇಡ ಅಂದೆ ಅಂದರೆ, ವಾಟ್ಸಾಪಿನಲ್ಲಿ ಕಳಿಸಿದ್ದು ಕಳಿಸಿದವರಿಗೆ, ಪಡೆದವರಿಗೆ ಬಿಟ್ಟು ನಡುವಿನವರಿಗೆ ಓದಲು ಬರುವುದಿಲ್ಲ. ಬಡ್ಡಿಪ್ರೆಸ್‌ನಲ್ಲಿ ಹಾಗಲ್ಲ. ಮೆಸೇಜುಗಳು ನಿಮ್ಮ ಡೇಟಾಬೇಸಿನಲ್ಲಿ ಬಿಚ್ಚಿಟ್ಟ ಪೋಸ್ಟ್ ಕಾರ್ಡಿನ ಹಾಗೆ ಬಿದ್ದಿರುತ್ತವೆ. ಸೈಟಿನ ಪಾಸ್‌ವರ್ಡ್ ಇದ್ದ ಹುಡುಗ ಮನಸ್ಸು ಮಾಡಿದರೆ ಓದಬಹುದು. ಸದಸ್ಯರಿಗೆ ಇದು ಗೊತ್ತಿರುವುದಿಲ್ಲ. ಹೇಳದೆ ಚಾಲೂ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನು ಕನ್ನಡದ ವಿಷಯ. ಹೆಸರನ್ನು ಕನ್ನಡದಲ್ಲಿ ತೋರಿಸಬಹುದು, ಬರೆಯುವುದನ್ನೆಲ್ಲ ಕನ್ನಡದಲ್ಲಿ ಬರೆಯಬಹುದು. ಆದರೆ ಲಾಗಿನ್ ಹೆಸರು ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲೇ ಇರಬೇಕು. ಮೊದಲ ದಿನ ನಿಮ್ಮ ಹಳೆ ಹುಡುಗರು ಅಭಿಮಾನದಿಂದ ಕನ್ನಡದಲ್ಲಿ ಟೈಪ್ ಮಾಡುತ್ತಾರೆ, ತಪ್ಪು ಅಂತ ಕೆಂಪಕ್ಷರ ಬರುತ್ತದೆ, ಸೈಟೇ ಕೆಟ್ಟಿದೆ ಅಂತ ನಿಮಗೆ ಫೋನ್ ಬರುತ್ತದೆ. ನೋಂದಣಿ ಪುಟದ ಮೇಲೆಯೇ ಒಂದು ಸಾಲು ದೊಡ್ಡದಾಗಿ ಬರೆದುಬಿಡಿ.

ಫೋನ್ ಅಂದ ಕೂಡಲೇ ನನ್ನದೇ ಒಂದು ಕಥೆ ನೆನಪಾಯಿತು. ಇಂಥದ್ದೇ ಒಂದು ಸಂಘದ ಸೈಟನ್ನು ಕಲಬುರಗಿಯಲ್ಲಿ ಒಂದು ಭಾನುವಾರ ಸಮಾರಂಭ ಮಾಡಿ ಶುರು ಮಾಡಿದೆವು. ವೇದಿಕೆ ಮೇಲೆ ಪರದೆ, ಶಾಲು, ಹಾರ ಎಲ್ಲ. ಅಲ್ಲೇ ಕುಳಿತು ಅರವತ್ತು ಮಂದಿ ಮೊಬೈಲಿನಲ್ಲಿ ಹೆಸರು ನೋಂದಾಯಿಸಿದರು. ನೋಂದಾಯಿಸಿದ ಮೇಲೆ ಮೇಲ್‌ಗೆ ಒಂದು ಲಿಂಕ್ ಬರಬೇಕು, ಅದನ್ನು ಒತ್ತಿದರೆ ಮಾತ್ರ ಖಾತೆ ಚಾಲೂ. ಒಬ್ಬರಿಗೂ ಬರಲಿಲ್ಲ! ನಾವು ತೆಗೆದುಕೊಂಡದ್ದು ಅಗ್ಗದ ಹೋಸ್ಟಿಂಗ್ (ಸೈಟು ಇಡುವ ಬಾಡಿಗೆ ಜಾಗ), ಹೆಸರು ಬೇಡ ಬಿಡಿ, ಅಲ್ಲಿಂದ ಹೋದ ಮೇಲ್‌ಗಳೆಲ್ಲ ಸ್ಪ್ಯಾಮ್ ಡಬ್ಬಿಗೆ ಬಿದ್ದಿದ್ದವು, ಕೆಲವು ಹೊರಟೇ ಇರಲಿಲ್ಲ. ಊಟದ ಸಾಲಿನಲ್ಲಿ ಪ್ಲೇಟ್ ಹಿಡಿದುಕೊಂಡವರೆಲ್ಲ ನನ್ನ ಮುಂದೆ ಮೊಬೈಲ್ ಹಿಡಿದರು. ನಾನು ಅವತ್ತು ಊಟವನ್ನೇ ಮಾಡಲಿಲ್ಲ. ತಪ್ಪು ಹೋಸ್ಟಿಂಗಿನದು ಅಂತ ಆಗ ಬೈದೆ, ಆದರೆ ಮೊದಲೇ ಎರಡು ಬೇರೆ ಬೇರೆ ಮೇಲ್ ಐಡಿಯಿಂದ ಪರೀಕ್ಷೆ ಮಾಡಿ ನೋಡದೇ ಇದ್ದದ್ದು ನಾನೇ ಅಲ್ವಾ?

ಆದ್ದರಿಂದ ಎಸ್‌ಎಂಟಿಪಿ ಪ್ಲಗಿನ್ ಒಂದನ್ನು ಹಾಕಿ, ಸರಿಯಾದ ಮೇಲ್ ಸೇವೆಯ ಮೂಲಕ ಪತ್ರ ಹೋಗುವ ಹಾಗೆ ಮಾಡಿ. ಡೊಮೇನಿಗೆ ಎಸ್‌ಪಿಎಫ್, ಡಿಕೆಐಎಂ ದಾಖಲೆ (ಮೇಲ್ ನಿಜವಾಗಿ ನಿಮ್ಮ ಸೈಟಿನ ಹೆಸರಿನಿಂದಲೇ ಬಂದದ್ದು ಅಂತ ತೋರಿಸುವ ಗುರುತು) ಸೇರಿಸಲು ಆ ಹುಡುಗನಿಗೆ ಹೇಳಿ, ಅವನಿಗೆ ಅರ್ಥ ಆಗುತ್ತದೆ. ಆಗದಿದ್ದರೆ ಅವನಿಗೆ 40 ಸಾವಿರ ಕೊಡಬೇಡಿ. ಅಷ್ಟಾಗಿಯೂ ಯಾರಿಗಾದರೂ ಮೇಲ್ ಬರಲಿಲ್ಲ ಅಂದರೆ, ಯೂಸರ್ಸ್ ಕೆಳಗೆ ಮ್ಯಾನೇಜ್ ಸೈನಪ್ಸ್ ಅಂತ ಇದೆ, ಅಲ್ಲಿಂದ ನೀವೇ ಕೈಯಾರೆ ಖಾತೆ ಚಾಲೂ ಮಾಡಬಹುದು. ಅವತ್ತು ಊಟದ ಸಾಲಿನಲ್ಲಿ ನನಗೆ ಇದು ಗೊತ್ತಿರಲಿಲ್ಲ.

ಹೋಸ್ಟಿಂಗ್ ಬಗ್ಗೆಯೂ ಒಂದು ಮಾತು. ಬರೀ ಓದುವ ಸೈಟಾದರೆ ಪುಟವನ್ನು ಒಮ್ಮೆ ತಯಾರಿಸಿ ಎಲ್ಲರಿಗೂ ಅದನ್ನೇ ಬಡಿಸಬಹುದು, ಖಾನಾವಳಿಯಲ್ಲಿ ಮೊದಲೇ ಬಡಿದಿಟ್ಟ ರೊಟ್ಟಿಯ ಹಾಗೆ. ಲಾಗಿನ್ ಆದವರಿಗೆ ಹಾಗಾಗುವುದಿಲ್ಲ. ಒಬ್ಬೊಬ್ಬರ ಪುಟವೂ ಬೇರೆ, ಪ್ರತಿ ಸಲ ಬಿಸಿ ರೊಟ್ಟಿಯೇ ಬಡಿಯಬೇಕು. ತಯಾರಾದ ಪುಟವನ್ನು ಕಾದಿಡುವ ಕ್ಯಾಶ್ ಪ್ಲಗಿನ್ ಹಾಕಿದ್ದೇನೆ, ಆದರೂ ನಿಧಾನ ಅಂತ ಅಳುವವರು ಇದನ್ನು ಮರೆತಿರುತ್ತಾರೆ. ವರ್ಷಕ್ಕೆ ಸಾವಿರ ರೂಪಾಯಿಯ ಹೋಸ್ಟಿಂಗಿನಲ್ಲಿ ಒಂದೇ ಹೊತ್ತಿಗೆ ಐವತ್ತು ಜನ ಒಳಗೆ ಬಂದರೆ ಸೈಟು ಏದುಸಿರು ಬಿಡುತ್ತದೆ.

ಇಷ್ಟೆಲ್ಲ ಸರಿ ಹೋದರೂ ಕೊನೆಗೆ ನಿಮ್ಮ ಹುಡುಗರು ಇಲ್ಲಿಗೆ ಯಾಕೆ ಬರಬೇಕು? ವಾಟ್ಸಾಪ್ ಅವರ ಜೇಬಿನಲ್ಲೇ ಇದೆ. ಹಿಂದೆ ಗಂಜ್ ಮಾರುಕಟ್ಟೆಯ ದಾಲ್ ಮಿಲ್ಲಿನವರಿಗೆ, ತೊಗರಿ ಬೆಳೆಗಾರರಿಗೆ ಅಂತ ಒಂದು ಇಂಥ ಜಾಗ ಕಟ್ಟಿದ್ದೆ. ತಾಲ್ಲೂಕಿಗೊಂದು ಗ್ರೂಪು, ಎಲ್ಲ ಚಂದ. ಆರು ತಿಂಗಳಲ್ಲಿ ಹನ್ನೊಂದು ಸದಸ್ಯರು, ಅದರಲ್ಲಿ ನಾಲ್ಕು ನಾನೇ ಪರೀಕ್ಷೆಗೆ ಮಾಡಿದ ಖಾತೆ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ. ಮಂದಿ ಬರುತ್ತಿದ್ದರು, ಅವತ್ತಿನ ತೊಗರಿ ಧಾರಣೆ ನೋಡುತ್ತಿದ್ದರು, ಹೋಗುತ್ತಿದ್ದರು. ಒಂದು ರೇಟು ನೋಡಲು ಯಾರು ಖಾತೆ ತೆರೆದು ಪ್ರೊಫೈಲ್ ಫೋಟೊ ಹಾಕುತ್ತಾರೆ?

ನಿಮ್ಮ ಹತ್ತಿರ ಮಾತ್ರ ಇರುವುದು ಏನು ಅಂತ ಯೋಚಿಸಿ. ಶಾಲೆಯ ಹಳೆ ಗ್ರೂಪ್ ಫೋಟೊಗಳು ನಿಮ್ಮ ಟ್ರಂಕಿನಲ್ಲೋ, ಹೆಡ್‌ಮಾಸ್ತರರ ಕೋಣೆಯ ಗೋಡೆ ಮೇಲೋ ಇರಬೇಕಲ್ಲ. ಅವನ್ನು ಸ್ಕ್ಯಾನ್ ಮಾಡಿಸಿ, ವಾರಕ್ಕೊಂದು ಆಯಾ ಬ್ಯಾಚಿನ ಗ್ರೂಪಿನಲ್ಲಿ ಹಾಕಿ, ಹಿಂದಿನ ಸಾಲಿನಲ್ಲಿ ಎಡಗಡೆಯಿಂದ ಮೂರನೆಯವನು ಯಾರು ಅಂತ ಕೇಳಿ. ದುಬೈನವನೂ ಬರುತ್ತಾನೆ. ಒಂದೇ ತೊಡಕು, ಬಡ್ಡಿಪ್ರೆಸ್‌ನಲ್ಲಿ ಪ್ರೊಫೈಲ್ ಫೋಟೊ ಬಿಟ್ಟರೆ ಹೀಗೆ ಚಿತ್ರ ಹಂಚಿಕೊಳ್ಳುವ ಸೌಕರ್ಯ ಮೂಲದಲ್ಲೇ ಇಲ್ಲ, ಅದಕ್ಕೆ ಇನ್ನೊಂದು ಆಡ್-ಆನ್ ಬೇಕು. ಹಾಕಿಸಿಕೊಳ್ಳಿ, ನಿಮಗೆ ಅದೇ ಮುಖ್ಯ.

ಪ್ರಶ್ನೆ: ಅಣ್ಣಾ, ಬಡ್ಡಿಪ್ರೆಸ್ ಹಾಕಿ ಒಂದೇ ವಾರಕ್ಕೆ 400 ಸದಸ್ಯರಾದರು ಅಂತ ಖುಷಿಪಟ್ಟೆ. ಆದರೆ ಯಾರ ಹೆಸರೂ ನಮ್ಮ ಕಡೆಯದಲ್ಲ. ಕೆಲವು ಹೆಸರು ಓದಲಿಕ್ಕೇ ಬರುವುದಿಲ್ಲ. ಏನಿದು? (ಜೇವರ್ಗಿ)

ಉತ್ತರ: ತಮ್ಮಾ, ಅವರು ಮನುಷ್ಯರಲ್ಲ. ಬಾಟ್‌ಗಳು. ಎಲ್ಲಿ ನೋಂದಣಿ ಫಾರಂ ತೆರೆದಿದೆ ಅಂತ ಹುಡುಕಿಕೊಂಡು ಇಂಟರ್ನೆಟ್ ಪೂರ್ತಿ ತಿರುಗುವ ಪ್ರೋಗ್ರಾಂಗಳು. ಪ್ರೊಫೈಲಿನಲ್ಲಿ ಜೂಜಿನ ಲಿಂಕೋ, ಔಷಧದ ಲಿಂಕೋ ತುರುಕಿ ಹೋಗುತ್ತವೆ, ಆಮೇಲೆ ಗೂಗಲ್ ನಿನ್ನ ಸೈಟನ್ನೇ ಅನುಮಾನದಿಂದ ನೋಡುತ್ತದೆ.

ಹಳ್ಳಿಯ ಅಗಸಿ ಬಾಗಿಲು ಇದ್ದ ಹಾಗೆ ಮಾಡು. ಸೆಟ್ಟಿಂಗ್ಸ್, ಜನರಲ್‌ನಲ್ಲಿ ಯಾರು ಬೇಕಾದರೂ ನೋಂದಾಯಿಸಬಹುದು ಅನ್ನುವ ಟಿಕ್ ತೆಗೆದುಬಿಡು. ಆಮೇಲೆ ಬಡ್ಡಿಪ್ರೆಸ್‌ನ ಆಪ್ಷನ್ಸ್‌ನಲ್ಲಿ ಸದಸ್ಯತ್ವಕ್ಕೆ ಅರ್ಜಿ ಹಾಕಲು ಬಿಡುವ ಟಿಕ್ ಹಾಕು. 2022ರಲ್ಲಿ ಬಂದ 10ನೇ ಆವೃತ್ತಿಯಿಂದ ಈ ಸೌಕರ್ಯ ಇದೆ. ಬಂದವರು ಅರ್ಜಿ ಕೊಡುತ್ತಾರೆ, ನೀನು ನೋಡಿ ಒಳಗೆ ಬಿಡುತ್ತೀ. ಅರ್ಜಿಯಲ್ಲಿ ಊರಿನವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಇಡು. ನಿಮ್ಮೂರ ಜಾತ್ರೆ ಯಾವ ದೇವರದ್ದು ಅಂತಲೋ, ಬಸ್ ಸ್ಟ್ಯಾಂಡ್ ಎದುರಿಗೆ ಯಾರ ಪುತ್ಥಳಿ ಇದೆ ಅಂತಲೋ. ನಾನು ಒಂದು ಕಡೆ ಶೇಂಗಾ ಹಿಂಡಿಯನ್ನು ಯಾವುದರ ಜೊತೆ ತಿನ್ನುತ್ತಾರೆ ಅಂತ ಇಟ್ಟಿದ್ದೆ. ಬಾಟ್‌ಗಳು ಬರಲಿಲ್ಲ, ಆದರೆ ಬೆಂಗಳೂರಿನ ಒಬ್ಬ ಸೊಸೆ ಸಿಕ್ಕಿಬಿದ್ದಳು, ಆಮೇಲೆ ಅವಳ ಗಂಡನೇ ಫೋನ್ ಮಾಡಿ ಜಾಮೀನು ಕೊಟ್ಟ.

ಒಳಗಿನ ಮಾತು ಹೊರಗಿನವರಿಗೆ ಕಾಣಬಾರದು ಅಂದರೆ 2023ರ ಕೊನೆಗೆ ಬಂದ 12ನೇ ಆವೃತ್ತಿಯಿಂದ ಸದಸ್ಯರಿಗೆ ಮಾತ್ರ ಅನ್ನುವ ಆಯ್ಕೆಯೂ ಇದೆ. ಆ 400 ಮಂದಿಯನ್ನು ಒಟ್ಟಿಗೆ ಆರಿಸಿ ಅಳಿಸಿಬಿಡು. ಅಳಿಸುವ ಮೊದಲು ಬ್ಯಾಕಪ್, ಮತ್ತು ಪಟ್ಟಿಯನ್ನು ಒಮ್ಮೆ ಮೇಲಿಂದ ಕೆಳಗೆ ಕಣ್ಣಾಡಿಸು. ನಡುವೆ ನಿನ್ನ ಸೋದರಮಾವ ಇರಬಹುದು.

ಪ್ರಶ್ನೆ: ಸರ್, ನಮ್ಮದು ಜಿಲ್ಲೆಯ ಸುದ್ದಿಯ ಸಣ್ಣ ವೆಬ್‌ಸೈಟು. ಸುದ್ದಿಯ ಲಿಂಕನ್ನು ವಾಟ್ಸಾಪಿನಲ್ಲಿ ಹಾಕಿದರೆ ಬೇರೆಯವರ ಹಾಗೆ ಫೋಟೊ, ಶೀರ್ಷಿಕೆ ಬರುವುದಿಲ್ಲ, ಉದ್ದನೆ ಕಸದ ಹಾಗೆ ಲಿಂಕ್ ಬರುತ್ತದೆ. ಶೇರ್ ಬಟನ್ನಿನ ಪ್ಲಗಿನ್ ಮೂರು ಬದಲಿಸಿದೆ. (ಯಾದಗಿರಿ)

ಉತ್ತರ: ಮೂವತ್ತು ಬದಲಿಸಿದರೂ ಬರುವುದಿಲ್ಲ, ಯಾಕಂದರೆ ಅದು ಬಟನ್ನಿನ ಕೆಲಸವೇ ಅಲ್ಲ. ಇಲ್ಲಿ ಎರಡು ಬೇರೆ ಬೇರೆ ರೋಗ ಇವೆ.

ಮೊದಲನೆಯದು ಚಿತ್ರ. ಪುಟದ ತಲೆಯಲ್ಲಿ ಕಣ್ಣಿಗೆ ಕಾಣದ ಕೆಲವು ಸಾಲು ಇರಬೇಕು. ಇದರ ಶೀರ್ಷಿಕೆ ಇದು, ಚಿತ್ರ ಇದು, ವಿವರ ಇದು ಅಂತ. ಓಪನ್ ಗ್ರಾಫ್ ಅಂತ ಅದರ ಹೆಸರು, 2010ರಲ್ಲಿ ಫೇಸ್‌ಬುಕ್‌ನವರು ಶುರು ಮಾಡಿದ್ದು, ಈಗ ವಾಟ್ಸಾಪ್ ಕೂಡ ಅದನ್ನೇ ಓದುತ್ತದೆ. ಗೂಗಲ್ ಹುಡುಕಾಟದಲ್ಲಿ ಸೈಟು ಚೆನ್ನಾಗಿ ಕಾಣಲಿ ಅಂತ ಹಾಕುವ ಯಾವುದಾದರೂ ಒಂದು ಒಳ್ಳೆಯ ಎಸ್‌ಇಒ ಪ್ಲಗಿನ್ ಇದ್ದರೆ ಆ ಸಾಲುಗಳನ್ನು ಅದೇ ಬರೆಯುತ್ತದೆ. ಒಂದು ಅಂದೆ, ಎರಡಲ್ಲ. ಎರಡಿದ್ದರೆ ಎರಡೂ ಬೇರೆ ಬೇರೆ ಚಿತ್ರ ಹೇಳಿ ಗೊಂದಲ ಮಾಡುತ್ತವೆ. ಪ್ರತಿ ಸುದ್ದಿಗೂ ಫೀಚರ್ಡ್ ಇಮೇಜ್ (ಮುಖ್ಯ ಚಿತ್ರ) ಹಾಕಿ, 1200 ಪಿಕ್ಸೆಲ್ ಅಗಲ 630 ಪಿಕ್ಸೆಲ್ ಎತ್ತರ ಇದ್ದರೆ ಚೆನ್ನ. ಮೊಬೈಲಿನಲ್ಲಿ ತೆಗೆದ 5 ಎಂಬಿ ಫೋಟೊವನ್ನು ಹಾಗೇ ಏರಿಸಬೇಡಿ, 300 ಕೆಬಿ ಒಳಗೆ ತನ್ನಿ. ವಾಟ್ಸಾಪಿನಲ್ಲಿ ಆ ಚಿತ್ರವನ್ನು ಎಳೆದು ತರುವುದು ಕಳಿಸುವವರ ಮೊಬೈಲೇ. ಹೊಲದಲ್ಲಿ ಒಂದೇ ಕಡ್ಡಿ ಸಿಗ್ನಲ್ ಹಿಡಿದು ನಿಂತವನು ನಿಮ್ಮ ಲಿಂಕ್ ಅಂಟಿಸಿ ತಕ್ಷಣ ಕಳಿಸಿದರೆ, ಚಿತ್ರ ಬರುವ ಮೊದಲೇ ಮೆಸೇಜು ಹೋಗಿರುತ್ತದೆ. ಇಷ್ಟು ಮಾಡಿಯೂ ಬರದಿದ್ದರೆ ನಿಮ್ಮ ಸೆಕ್ಯುರಿಟಿ ಪ್ಲಗಿನ್ ವಾಟ್ಸಾಪನ್ನೇ ಕಳ್ಳ ಅಂತ ತಡೆಯುತ್ತಿರಬಹುದು, ಒಮ್ಮೆ ಆಫ್ ಮಾಡಿ ನೋಡಿ. ಸರಿಮಾಡಿದ ಮೇಲೂ ಹಳೆಯದೇ ಕಂಡರೆ ಲಿಂಕಿನ ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಏನಾದರೂ ಒಂದು ಅಂಕಿ ಬರೆದು ಕಳಿಸಿ. ಹೊಸ ಲಿಂಕ್ ಅಂದುಕೊಂಡು ಹೊಸದಾಗಿ ಓದುತ್ತದೆ.

ಎರಡನೆಯದು ಆ ಕಸ. ನೀವು ಕನ್ನಡದಲ್ಲಿ ಶೀರ್ಷಿಕೆ ಕೊಡುತ್ತೀರಿ, ವರ್ಡ್‌ಪ್ರೆಸ್ ಅದನ್ನೇ ಲಿಂಕಿನ ಬಾಲವಾಗಿ ಮಾಡುತ್ತದೆ. ಲಿಂಕ್ ನಕಲು ಮಾಡಿದಾಗ ಒಂದೊಂದು ಕನ್ನಡ ಅಕ್ಷರವೂ ಶೇಕಡಾ ಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕಿ ಸೇರಿ ಒಂಬತ್ತು ಗುರುತುಗಳಾಗಿ ಒಡೆಯುತ್ತದೆ. ಗುಣಿತದ ಚಿಹ್ನೆಗಳೂ ಇಲ್ಲಿ ಬೇರೆ ಅಕ್ಷರಗಳೇ. ತೊಗರಿ ಅನ್ನುವ ಮೂರಕ್ಷರದಲ್ಲಿ ತ, ಒ ಸ್ವರದ ಚಿಹ್ನೆ, ಗ, ರ, ಗುಡಿಸು ಹೀಗೆ ಐದು ಇವೆ, ಅಂದರೆ 45 ಗುರುತು. ಕಲಬುರಗಿಗೆ 63. ವರ್ಡ್‌ಪ್ರೆಸ್‌ನಲ್ಲಿ ಈ ಬಾಲಕ್ಕೆ 200 ಗುರುತಿನ ಮಿತಿ ಇದೆ, ಲೆಕ್ಕ ಹಾಕಿದರೆ ಇಪ್ಪತ್ತೆರಡು ಅಕ್ಷರಕ್ಕೆ ಖಲಾಸ್, ಶೀರ್ಷಿಕೆ ನಡುವಿನಲ್ಲೇ ಕತ್ತರಿಸಿ ಹೋಗುತ್ತದೆ. ನನಗೂ ಕನ್ನಡದ ಲಿಂಕೇ ಇಷ್ಟ, ಆದರೆ ಹಂಚಿಕೊಳ್ಳುವ ಸುದ್ದಿಗೆ ಪ್ರಕಟಿಸುವ ಮೊದಲು ಸ್ಲಗ್ ಅನ್ನುವ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಪದ ಬರೆಯಿರಿ. ಹಳೆಯ ಸುದ್ದಿಗಳ ತಂಟೆಗೆ ಹೋಗಬೇಡಿ.

ಶೇರ್ ಬಟನ್ನಿಗೆ ನಿಜವಾಗಿ ಪ್ಲಗಿನ್ನೇ ಬೇಕಿಲ್ಲ. ವಾಟ್ಸಾಪ್‌ನವರದೇ ಒಂದು ಚಿಕ್ಕ ವಿಳಾಸ ಇದೆ, ಡಬ್ಲ್ಯೂಎ ಡಾಟ್ ಎಂಇ ಅಂತ. ಅದರ ಮುಂದೆ /?text= ಅಂತ ಬರೆದು ನಿಮ್ಮ ಸುದ್ದಿಯ ಲಿಂಕ್ ಸೇರಿಸಿ ಥೀಮಿನಲ್ಲಿ ಒಂದು ಸಾಲು ಬರೆದರೆ ಆಯಿತು. ನಿಮ್ಮ ಓದುಗರಲ್ಲಿ ಬಹುತೇಕರು ಒತ್ತುವುದು ಆ ಒಂದೇ ಬಟನ್. ಉಳಿದ ಹನ್ನೆರಡು ಬಣ್ಣದ ಗುಂಡುಗಳು ಸುಮ್ನೆ ಮದುವೆ ಚಪ್ಪರದ ಸೀರಿಯಲ್ ಲೈಟು. ಎಷ್ಟು ಶೇರ್ ಆಯಿತು ಅಂತ ಸಂಖ್ಯೆ ತೋರಿಸುವುದನ್ನೂ ತೆಗೆಯಿರಿ. ಸೊನ್ನೆ, ಸೊನ್ನೆ ಅಂತ ತೋರಿಸಿ ಮರ್ಯಾದೆ ಯಾಕೆ ಕಳೆದುಕೊಳ್ಳಬೇಕು?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ತಂದೆ ಬಿದ್ರಿ ಕೆಲಸ ಮಾಡುತ್ತಾರೆ. ನಮ್ಮ ಸೈಟಿನಲ್ಲಿ ಇನ್‌ಸ್ಟಾಗ್ರಾಂ ಫೋಟೊಗಳು ತಾವೇ ಬಂದು ಕೂಡುತ್ತಿದ್ದವು. ಒಂದು ದಿನ ನಿಂತೇಹೋದವು, ಖಾಲಿ ಡಬ್ಬಿಗಳು ಕಾಣುತ್ತಿವೆ. ಪ್ಲಗಿನ್ ಕೆಟ್ಟಿದೆಯೇ? (ಬೀದರ್)

ಉತ್ತರ: ತಂಗೀ, ಪ್ಲಗಿನ್ ಕೆಟ್ಟಿಲ್ಲ, ಅದು ನೀರು ಸೇದುತ್ತಿದ್ದ ಬಾವಿಯನ್ನೇ ಮುಚ್ಚಿದರು. ವೈಯಕ್ತಿಕ ಖಾತೆಗಳ ಚಿತ್ರಗಳನ್ನು ಹೊರಗಿನ ಸೈಟುಗಳಿಗೆ ಕೊಡುತ್ತಿದ್ದ ದಾರಿಯನ್ನು ಇನ್‌ಸ್ಟಾಗ್ರಾಂ 2024ರ ಡಿಸೆಂಬರ್ 4ಕ್ಕೆ ಬಂದ್ ಮಾಡಿತು. ಈಗ ಪ್ರೊಫೆಷನಲ್ ಖಾತೆ ಇದ್ದರೆ ಮಾತ್ರ ಆಗುತ್ತದೆ. ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್‌ನಲ್ಲಿ ಬಿಸಿನೆಸ್ ಅಥವಾ ಕ್ರಿಯೇಟರ್ ಅಂತ ಬದಲಿಸಿಕೊಳ್ಳಿ, ದುಡ್ಡು ಕೇಳುವುದಿಲ್ಲ. ಆಮೇಲೆ ಪ್ಲಗಿನ್ನನ್ನು ಹೊಸ ಆವೃತ್ತಿಗೆ ತಂದು ಖಾತೆಯನ್ನು ಮತ್ತೆ ಜೋಡಿಸಿ. ಈ ಜೋಡಣೆಗೆ ಅವರು ಕೊಡುವ ಕೀಲಿಯ ಆಯುಷ್ಯ 60 ದಿನ. ಪ್ಲಗಿನ್ ಅದನ್ನು ತಾನೇ ನವೀಕರಿಸುತ್ತಿರಬೇಕು. ಪಾಸ್‌ವರ್ಡ್ ಬದಲಿಸಿದರೂ ಕೀಲಿ ಸತ್ತುಹೋಗುತ್ತದೆ, ಮತ್ತೆ ಜೋಡಿಸಬೇಕು.

ಇಷ್ಟು ಹೇಳಿದ ಮೇಲೆ ನನ್ನ ಅನಿಸಿಕೆ ಬೇರೆಯೇ ಇದೆ. ಕಪ್ಪು ಲೋಹದ ಮೇಲೆ ಬೆಳ್ಳಿ ತಂತಿ ಕೂರಿಸಿದ ಹೂಜಿಯನ್ನು ಬೆರಳುಗುರಿನಷ್ಟು ಚೌಕದಲ್ಲಿ ತೋರಿಸಿದರೆ ಏನು ಕಾಣುತ್ತದೆ? ಕೋಟೆಯ ಮಣ್ಣು ಕಲಸಿ ಹಚ್ಚಿ ಆ ಕಪ್ಪು ಬಂದ ಮೇಲೆ ಎಣ್ಣೆ ಸವರುತ್ತಾರಲ್ಲ, ಆ ಹೊಳಪು ಕಾಣಬೇಕಾದರೆ ಚಿತ್ರ ದೊಡ್ಡದಾಗಿ ಇರಬೇಕು. ಇಪ್ಪತ್ತು ಒಳ್ಳೆಯ ಫೋಟೊ ನಿಮ್ಮ ಸೈಟಿನಲ್ಲೇ ಇಡಿ, ಕೆಳಗೆ ಅಳತೆ, ತೂಕ, ಬೆಲೆ. ಪಕ್ಕದಲ್ಲಿ ವಾಟ್ಸಾಪ್ ಬಟನ್, ಒತ್ತಿದರೆ ಆ ವಸ್ತುವಿನ ಹೆಸರು ಸಮೇತ ನಿಮಗೆ ಮೆಸೇಜು ಬರುವ ಹಾಗೆ. ಇನ್‌ಸ್ಟಾಗ್ರಾಂಗೆ ಒಂದು ಲಿಂಕ್ ಸಾಕು. ಬೇರೆಯವರ ಬಾವಿ ಯಾವಾಗ ಮುಚ್ಚುತ್ತಾರೋ ಯಾರಿಗೆ ಗೊತ್ತು. ಆಡ್‌ದಿಸ್ ಅಂತ ಒಂದು ಶೇರ್ ಬಟನ್ ಸೇವೆ ಇತ್ತು, ಎಲ್ಲ ಸೈಟಲ್ಲೂ ಅದೇ. 2023ರ ಮೇ 31ಕ್ಕೆ ಅಂಗಡಿ ಮುಚ್ಚಿತು. ಗೂಗಲ್‌ನವರ ಫೇಸ್‌ಬುಕ್ ತರಹದ ಜಾಗ ಗೂಗಲ್ ಪ್ಲಸ್ ಹೋದದ್ದು 2019ರ ಏಪ್ರಿಲ್ 2ಕ್ಕೆ. ಕಲಬುರಗಿಯ ಒಂದೆರಡು ಸೈಟುಗಳಲ್ಲಿ ಅದರ ಕೆಂಪು ಗುಂಡು ಇನ್ನೂ ನೇತಾಡುತ್ತಿರುವುದನ್ನು ನಾನೇ ನೋಡಿದ್ದೇನೆ.

ಪ್ರಶ್ನೆ: ಸೈಟಿನ ಬದಿಗೆ ಫೇಸ್‌ಬುಕ್ ಲೈಕ್ ಬಟನ್ ಹಾಕುವ ಪ್ಲಗಿನ್ ಯಾವುದು ಒಳ್ಳೆಯದು? (ಹುಮನಾಬಾದ್)

ಉತ್ತರ: ಯಾವುದೂ ಬೇಡ. 2010ರಲ್ಲಿ ಬಂದ ಆ ಬಟನ್ನನ್ನು ಹೊರಗಿನ ಸೈಟುಗಳಿಗೆ 2026ರ ಫೆಬ್ರುವರಿ 10ರಿಂದ ನಿಲ್ಲಿಸುವುದಾಗಿ ಫೇಸ್‌ಬುಕ್‌ನ ಒಡೆತನದ ಕಂಪನಿ ಮೆಟಾ ಮೊದಲೇ ಹೇಳಿತ್ತು. ಹಳೆಯ ಕೋಡ್ ಇದ್ದರೆ ಸೈಟು ಒಡೆಯುವುದಿಲ್ಲ, ಬಟನ್ ಕಾಣುವುದಿಲ್ಲ ಅಷ್ಟೆ. ನಿಮ್ಮ ಪೇಜಿಗೆ ಒಂದು ಮಾಮೂಲಿ ಲಿಂಕ್ ಕೊಡಿ.

ಪ್ರಶ್ನೆ: ನನ್ನ ಸೈಟು ಗೂಗಲ್‌ನ ಬ್ಲಾಗರ್‌ನಲ್ಲಿದೆ. ಬಡ್ಡಿಪ್ರೆಸ್ ಹಾಕಬಹುದೇ? (ಭಾಲ್ಕಿ)

ಉತ್ತರ: ಇಲ್ಲ. ಅದು ವರ್ಡ್‌ಪ್ರೆಸ್‌ಗೆ ಮಾತ್ರ, ಅದೂ ಪ್ಲಗಿನ್ ಹಾಕಲು ಬಿಡುವ ಹೋಸ್ಟಿಂಗಿನಲ್ಲಿ ಇದ್ದರೆ.

ಪ್ರಶ್ನೆ: ಸರ್, ದುಡ್ಡಿನ ಸೋಶಿಯಲ್ ಪ್ಲಗಿನ್ ಒಂದನ್ನು ಗೆಳೆಯ ಟೆಲಿಗ್ರಾಂನಲ್ಲಿ ಫ್ರೀ ಕೊಟ್ಟ. ಹಾಕಲೇ? (ಶಹಾಪುರ)

ಉತ್ತರ: ಬೇಡವೇ ಬೇಡ. ಬೀಗ ಮುರಿದು ಹಂಚುವ ಪ್ಲಗಿನ್ನಿನಲ್ಲಿ, ಮುರಿದವನು ತನಗೆ ಒಂದು ಹಿತ್ತಲ ಬಾಗಿಲು ಇಟ್ಟುಕೊಂಡಿರುವುದೇ ಜಾಸ್ತಿ. ಅಧಿಕೃತ ಜಾಗದಿಂದ ತಂದದ್ದಕ್ಕೂ ಪೂರ್ತಿ ಗ್ಯಾರಂಟಿ ಇಲ್ಲ ಅನ್ನುವುದು ಬೇರೆ ಮಾತು. ಸೋಶಿಯಲ್ ವಾರ್‌ಫೇರ್ ಅಂತ ಹೆಸರುವಾಸಿ ಶೇರ್ ಬಟನ್ ಪ್ಲಗಿನ್ ಇದೆ. 2019ರ ಮಾರ್ಚ್‌ನಲ್ಲಿ ಅದರೊಳಗಿನ ತೂತಿನಿಂದ ಕಳ್ಳರು ಸೈಟುಗಳಿಗೆ ನುಗ್ಗಿದರು, 2024ರ ಜೂನ್‌ನಲ್ಲಿ ಮತ್ತೆ ಅದರ ಅಧಿಕೃತ ಆವೃತ್ತಿಯಲ್ಲೇ ಯಾರೋ ಕೆಟ್ಟ ಕೋಡ್ ಸೇರಿಸಿದ್ದು ಸಿಕ್ಕಿತು. ಬರೀ ಬಟನ್ ತೋರಿಸುವ ಪ್ಲಗಿನ್ ನೋಡಿ ಅದು! ಕಡಿಮೆ ಪ್ಲಗಿನ್ ಇಡು, ಅಪ್‌ಡೇಟ್ ಬಂದಾಗ ಮಾಡು, ವಾರಕ್ಕೊಮ್ಮೆ ಬ್ಯಾಕಪ್ ತೆಗೆದು ಸೈಟಿನ ಹೊರಗೆ ಇಡು.

ಪ್ರಶ್ನೆ: ನಮ್ಮ ಕೋಚಿಂಗ್ ಕ್ಲಾಸಿನ ಸೈಟಿನಲ್ಲಿ ಮಕ್ಕಳೇ ಪ್ರೊಫೈಲ್ ಮಾಡಿಕೊಂಡು ಮಾತಾಡುವ ಹಾಗೆ ಮಾಡಬೇಕು. ಎಂಟು, ಒಂಬತ್ತು, ಹತ್ತನೇ ತರಗತಿಯವರು. ಬಡ್ಡಿಪ್ರೆಸ್ ಸಾಕೇ? (ಕಲಬುರಗಿ)

ಉತ್ತರ: ಪ್ಲಗಿನ್ ಸಾಕು, ಆದರೆ ಮೇಡಂ, ನೀವು ಸಾಲುವುದಿಲ್ಲ. ಬೇಜಾರಾಗಬೇಡಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ತೆಗೆದುಕೊಳ್ಳಲು ತಂದೆತಾಯಿಯ ಒಪ್ಪಿಗೆ ಬೇಕು, ಅದು ನಿಜವಾಗಿ ತಂದೆತಾಯಿಯದೇ ಅಂತ ಪರಿಶೀಲಿಸುವ ಹಾಗಿರಬೇಕು. ಒಂದು ಟಿಕ್ ಹಾಕಿಸಿಕೊಂಡರೆ ಆಗುವುದಿಲ್ಲ. ಇದರ ಮೇಲೆ, ಬೇರೆಯವರು ಬರೆದದ್ದನ್ನು ಇಟ್ಟುಕೊಳ್ಳುವ ಜಾಗ ನಡೆಸುವವರು ದೂರು ಕೇಳುವವರ ಹೆಸರು, ಸಂಪರ್ಕ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು ಅಂತ 2021ರ ಐಟಿ ನಿಯಮಗಳಿವೆ.

ಕಾನೂನು ಪಕ್ಕಕ್ಕಿಡಿ. ರಾತ್ರಿ ಹತ್ತಕ್ಕೆ ಒಬ್ಬ ಹುಡುಗ ಇನ್ನೊಬ್ಬಳ ಫೋಟೊ ಹಾಕಿ ಏನೋ ಬರೆದ ಅಂತಿಟ್ಟುಕೊಳ್ಳಿ. ಬೆಳಿಗ್ಗೆ ಎಂಟಕ್ಕೆ ನೀವು ನೋಡುವಷ್ಟರಲ್ಲಿ ಇಡೀ ತರಗತಿ ನೋಡಿರುತ್ತದೆ. ಆ ಹತ್ತು ಗಂಟೆ ಎಚ್ಚರ ಇರುವವರು ಯಾರು ನಿಮ್ಮಲ್ಲಿ? ಮಕ್ಕಳು ಪಾಠದ ಪ್ರಶ್ನೆ ಕೇಳಬೇಕು ಅಷ್ಟೇ ಅಲ್ವಾ, ಹಾಗಾದರೆ ಒಂದು ಫಾರಂ ಇಡಿ, ಹೆಸರು ಬೇಡ, ತರಗತಿ ಮತ್ತು ಪ್ರಶ್ನೆ ಮಾತ್ರ. ನೀವು ಓದಿ, ಉತ್ತರ ಬರೆದು, ಆಮೇಲೆ ಪ್ರಕಟಿಸಿ. ಈ ಪುಟದಲ್ಲಿ ನಾವು ಮಾಡುತ್ತಿರುವುದೂ ಅದನ್ನೇ.

ಪ್ರಶ್ನೆ: ಬಡ್ಡಿಪ್ರೆಸ್ ಹಾಕಿ ಎರಡು ವರ್ಷ ಆಯಿತು, ಈಗ ಯಾರೂ ಬರುತ್ತಿಲ್ಲ. ಡೀಆಕ್ಟಿವೇಟ್ ಮಾಡಿದರೆ ಹಳೆ ಮಾತುಗಳೆಲ್ಲ ಅಳಿಸಿಹೋಗುತ್ತವೆಯೇ? ತೀರಿಕೊಂಡ ಒಬ್ಬ ಗೆಳೆಯ ಬರೆದದ್ದು ಅದರಲ್ಲಿದೆ. (ಸುರಪುರ)

ಉತ್ತರ: ಡೀಆಕ್ಟಿವೇಟ್ ಮಾಡಿದರೆ ಅಳಿಯುವುದಿಲ್ಲ, ಡೇಟಾಬೇಸಿನಲ್ಲಿ ಹಾಗೇ ಇರುತ್ತವೆ. ಪುಟಗಳು ಮಾತ್ರ ಕಾಣುವುದಿಲ್ಲ. ಮತ್ತೆ ಚಾಲೂ ಮಾಡಿದರೆ ಬರುತ್ತವೆ. ಹೋಸ್ಟಿಂಗಿನ ದುಡ್ಡು ಕಟ್ಟದೆ ಬಿಟ್ಟರೆ ಮಾತ್ರ ಎಲ್ಲ ಹೋಗುತ್ತದೆ, ಅದಕ್ಕೆ ಮೊದಲು ಪೂರ್ತಿ ಬ್ಯಾಕಪ್ ತೆಗೆದು ಪೆನ್ ಡ್ರೈವಿನಲ್ಲೂ ಇಡಿ. ನಿಮ್ಮ ಗೆಳೆಯ ಬರೆದ ಪುಟಗಳನ್ನು ಮಾತ್ರ ಒಂದೊಂದಾಗಿ ತೆರೆದು ಪ್ರಿಂಟ್ ಕೊಟ್ಟು ಪಿಡಿಎಫ್ ಮಾಡಿಕೊಳ್ಳಿ. ಅವರ ಮನೆಯವರಿಗೂ ಒಂದು ಪ್ರತಿ ಕಳಿಸಿ.